ಮುಂದಿನ ಕಂಬದ ಗಂಟುಗಳು

ಟೋಪಿ ಹಾಕಿಕೊಂಡು ನಮ್ಮ ಅಂಗಡಿಗೆ ಬರುವ ಗಂಡಸರು ಸಾಮಾನ್ಯವಾಗಿ ಒಂದೇ ಕಾರಣಕ್ಕೆ ಬರುತ್ತಾರೆ. ಬಾಗಿಲಲ್ಲಿ ನಿಂತು ಆಚೀಚೆ ನೋಡುತ್ತಾರೆ. ಗುರುತಿನವರು ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೆ ಒಳಗೆ ಕಾಲಿಡುತ್ತಾರೆ. ಬೇಕಾಗಿರುವುದು ತಮಗಲ್ಲ, ಗೆಳೆಯನಿಗೆ ಎನ್ನುತ್ತಾರೆ. ಆ ಬೆಳಿಗ್ಗೆ ಬೂದು ಟೋಪಿಯ ಮನುಷ್ಯರೊಬ್ಬರು ನೆಟ್ಟಗೆ ನನ್ನ ಮೇಜಿನ ಬಳಿ ಬಂದು, ಒಂದು ಮಾತೂ ಆಡದೆ ನನ್ನ ಬೆರಳುಗಳನ್ನೇ ನೋಡುತ್ತ ನಿಂತರು. ನನಗೆ ಮುಜುಗರವಾಯಿತು.

ನಾನು ಕೂದಲು ಕಟ್ಟುವವಳು. ಮರದ ತಲೆಯ ಮೇಲೆ ತೆಳ್ಳನೆಯ ಬಲೆ ಬಿಗಿದು, ಕೊಕ್ಕೆ ಸೂಜಿಯಿಂದ ಒಂದೊಂದೇ ಕೂದಲನ್ನು ಬಲೆಯ ಕಣ್ಣಿಗೆ ಗಂಟು ಹಾಕುತ್ತ ವಿಗ್ ಮಾಡುವುದು ನನ್ನ ಕೆಲಸ. ನಾಟಕದವರು ಬರುತ್ತಾರೆ, ಆಸ್ಪತ್ರೆಯ ಕಡೆಯಿಂದಲೂ ಬರುತ್ತಾರೆ. ಎಲ್ಲರಿಗೂ ಬೇಕಾಗಿರುವುದು ಒಂದೇ, ನೋಡಿದವರಿಗೆ ಗೊತ್ತಾಗಬಾರದು. ಆ ವಿಷಯದಲ್ಲಿ ನನ್ನ ಕೈ ಚೆನ್ನಾಗಿದೆ ಎಂದು ನಾನೇ ಹೇಳಿಕೊಂಡರೆ ಜಂಬವಾಗುತ್ತದೆ, ಆದರೆ ಸುಳ್ಳಾಗುವುದಿಲ್ಲ.

"ಟೋಪಿ ತೆಗೀರಿ, ಅಳತೆ ತಗೋಬೇಕು," ಎಂದೆ.

"ಯಾತರ ಅಳತೆ?"

"ತಲೇದು. ಸಂಕೋಚ ಪಡಬೇಡಿ. ಇಲ್ಲಿಗೆ ಬರೋರೆಲ್ಲ ನಿಮ್ಮ ಹಾಗೇನೇ."

ಅವರು ಎಡಗೈಯಿಂದ ಟೋಪಿ ತೆಗೆದರು. ಅಡಿಯಲ್ಲಿ ಕಪ್ಪು ಬಿಳುಪು ಬೆರೆತ ದಟ್ಟ ಕೂದಲು. ಬಾಚಣಿಗೆ ಕಂಡು ಬಹಳ ದಿನವಾದಂತಿತ್ತು. ನನ್ನ ಕೈಯ ಟೇಪು ಗಾಳಿಯಲ್ಲೇ ಉಳಿಯಿತು.

"ಮಾರೋಕೆ ಬಂದ್ರಾ?" ಎಂದೆ. ನಾಚಿಕೆಯಾದಾಗ ನನ್ನ ಬಾಯಿ ನನಗಿಂತ ಮುಂದೆ ಓಡುತ್ತದೆ. "ಇಷ್ಟು ಗಿಡ್ಡದ್ದು ನಾವು ತಗೊಳ್ಳಲ್ಲ."

ಅವರು ನಗಲಿಲ್ಲ. ಕಣ್ಣಿನ ಮೂಲೆಯಲ್ಲಿ ಮಾತ್ರ ಒಂದು ಸುಕ್ಕು ಎದ್ದು ಮತ್ತೆ ಮಲಗಿತು. "ನನಗೆ ಬೇಕಾಗಿರೋದು ನಿಮ್ಮ ಕೈ," ಎಂದರು.

ಒಳಗಿನ ಕೋಣೆಯಲ್ಲಿ ಅಂಗಡಿಯ ಯಜಮಾನರು ಜೋರಾಗಿ ಕೆಮ್ಮಿದರು. ಆಗ ಆ ಮನುಷ್ಯರಿಗೆ ತಾವು ಆಡಿದ್ದೇನು ಎಂದು ಹೊಳೆದಿರಬೇಕು, ಕಿವಿಯ ತುದಿಯವರೆಗೂ ಕೆಂಪಾದರು. "ಅಂದ್ರೆ, ಗಂಟು ಹಾಕೋ ಕೈ. ಮ್ಯೂಸಿಯಮ್ಮಿನಲ್ಲಿ ನಾನೊಂದು ಹಡಗು ಕಟ್ತಿದೀನಿ. ಹಗ್ಗದ ಕೆಲಸ ಬಾಕಿ ಇದೆ."

ಅವರ ಬಲಗೈ ಆ ಹೊತ್ತೆಲ್ಲ ಕೋಟಿನ ಜೇಬಿನಲ್ಲೇ ಇತ್ತು. ಅದನ್ನು ನಾನು ಗಮನಿಸಿದೆ. ಕೈಗಳನ್ನು ಗಮನಿಸುವುದು ನನ್ನ ಅಭ್ಯಾಸ.

*

ಹಡಗು ಎಂದರೆ ಷೋಕೇಸಿನಲ್ಲಿ ಇಡುವಂಥ ಗೊಂಬೆ ಎಂದುಕೊಂಡು ಹೋಗಿದ್ದೆ. ಮ್ಯೂಸಿಯಮ್ಮಿನ ಹಿಂಬದಿಯ ಕಾರ್ಖಾನೆಯ ಬಾಗಿಲು ತೆಗೆದಾಗ ಹೊಸ್ತಿಲಲ್ಲೇ ನಿಂತುಬಿಟ್ಟೆ. ಎರಡು ಮೇಜು ಜೋಡಿಸಿದರೂ ಸಾಲದಷ್ಟು ಉದ್ದದ ಯುದ್ಧನೌಕೆ. ಮೂರು ಹಾಯಿಕಂಬ. ಬದಿಯಲ್ಲಿ ಎರಡು ಸಾಲು ಪುಟ್ಟ ಕಿಟಕಿ, ಪ್ರತಿ ಕಿಟಕಿಯಿಂದ ಒಂದು ಹಿತ್ತಾಳೆಯ ಫಿರಂಗಿ ಇಣುಕುತ್ತಿತ್ತು. ಕಿಟಕಿಯ ಮುಚ್ಚಳ ಎತ್ತಲು ಕೂಡ ಕೂದಲಿನಷ್ಟು ಸಣ್ಣ ಹಗ್ಗ. ನಿಜವಾದ ಹಡಗು ಎಷ್ಟೋ ತಲೆಮಾರಿನ ಹಿಂದೆ ನಮ್ಮೂರ ಬಂದರಿನ ಕಣ್ಣೆದುರಲ್ಲಿ, ಬಿರುಗಾಳಿಗೆ ಸಿಕ್ಕಿ ಮುಳುಗಿತಂತೆ. ಅದರ ಫಿರಂಗಿಗಳನ್ನು ಈಚೆಗೆ ಮೇಲೆತ್ತಿದ್ದಾರೆ. ಅವುಗಳ ಜೊತೆಗಿಡಲು ಈ ಮಾದರಿ.

"ಕಂಬ ಬೀಳದ ಹಾಗೆ ಎರಡೂ ಕಡೆಯಿಂದ ಹಿಡಿದಿರೋ ದಪ್ಪ ಹಗ್ಗ ಇವು," ಅವರು ಚಿಮಟದಿಂದ ತೋರಿಸುತ್ತ ಹೇಳಿದರು. "ಇವುಗಳಿಗೆ ಅಡ್ಡಡ್ಡವಾಗಿ ಸಣ್ಣ ಹಗ್ಗ ಕಟ್ಕೊಂಡು ಹೋಗ್ಬೇಕು. ಏಣಿ ಹಗ್ಗ ಅಂತೀವಿ. ಗಾಳಿ ಎದ್ದಾಗ ಹಾಯಿ ಸುತ್ತೋಕೆ ನಾವಿಕರು ಇದನ್ನೇ ಹತ್ತಿ ಹೋಗೋದು."

"ಅಷ್ಟು ಎತ್ತರ? ಬಿರುಗಾಳಿಯಲ್ಲಿ?"

"ಹೂಂ. ಅದಕ್ಕೇ ಪ್ರತಿ ಗಂಟೂ ಸರಿಯಾಗಿರ್ಬೇಕು."

"ಈ ಹಡಗನ್ನ ಯಾರೂ ಹತ್ತಲ್ಲವಲ್ಲ."

"ನೋಡೋರು ಕಣ್ಣಲ್ಲಿ ಹತ್ತುತ್ತಾರೆ," ಎಂದರು. ತಮಾಷೆಯ ಸುಳಿವೂ ಇರಲಿಲ್ಲ.

ಸಂಜೆ ಅಂಗಡಿ ಮುಗಿಸಿ ದಿನವೂ ಅಲ್ಲಿಗೆ ಹೋಗಲು ಒಪ್ಪಿದೆ. ಅಂಗಡಿಯ ಯಜಮಾನರಿಗೆ ಅವರ ಹೆಸರು ಬಾಯಿಗೆ ಬರಲಿಲ್ಲ, ಹಡಗಿನವರು ಎಂದರು. ನನಗೂ ಅದೇ ರೂಢಿಯಾಯಿತು.

ಗಂಟು ಸುಲಭದ್ದು. ದಾರವನ್ನು ದಪ್ಪ ಹಗ್ಗಕ್ಕೆ ಒಮ್ಮೆ ಸುತ್ತಿ, ತನ್ನನ್ನೇ ದಾಟಿಸಿ, ಇನ್ನೊಂದು ಸುತ್ತು ಹಾಕಿ ಅಡಿಯಿಂದ ಹೊರಗೆಳೆಯುವುದು. ಕಂಡ ಕೂಡಲೇ ಕೈಗೆ ಬಂತು. ಹಿಂಬದಿಗೆ ಗೆರೆ ಎಳೆದ ಬಿಳಿ ಹಾಳೆ ಇಟ್ಟುಕೊಂಡು, ಗೆರೆಗೆ ಸರಿಯಾಗಿ ಸಾಲು ಮೇಲೆ ಸಾಲು ಕಟ್ಟಿ ಬಿಸಾಕಿದೆ. ವಾರ ಮುಗಿಯುವಷ್ಟರಲ್ಲಿ ಹಿಂದಿನ ಕಂಬದ ಒಂದು ಬದಿ ಪೂರ್ತಿಯಾಯಿತು. ಭೇಷ್ ಎನ್ನುತ್ತಾರೆ ಎಂದು ಕಾದು ಕೂತೆ.

ಅವರು ಹಾಳೆ ತೆಗೆದು, ತಲೆ ಓರೆ ಮಾಡಿ ಬಹಳ ಹೊತ್ತು ನೋಡಿದರು.

"ಹಡಗಿಗೆ ಸೊಂಟ ಬಂದಿದೆ," ಎಂದರು.

ನಾನೂ ನೋಡಿದೆ. ಕೆಳಗೆ ಅಗಲ, ಮೇಲೆ ಅಗಲ, ನಡುವೆ ದಪ್ಪ ಹಗ್ಗಗಳೆಲ್ಲ ಒಳಕ್ಕೆ ಎಳೆದುಕೊಂಡು ಬಳುಕಿ ನಿಂತಿದ್ದವು. ವಿಗ್ಗಿನ ಗಂಟು ಜೀವ ಹೋಗುವಷ್ಟು ಬಿಗಿಯಿರಬೇಕು. ಆ ಅಭ್ಯಾಸದಲ್ಲಿ ಒಂದೊಂದು ಗಂಟನ್ನೂ ಎಳೆದೆಳೆದು ಕಟ್ಟಿದ್ದೆ.

"ಹಗ್ಗಕ್ಕೆ ನೀವು ಕಟ್ಟಿದ್ದು ಗೊತ್ತಾಗಬಾರದು," ಎಂದು ಅವರು ಕತ್ತರಿ ನನ್ನ ಮುಂದಿಟ್ಟರು. "ಕಾಲಿಡೋ ಕಡೆ ಸ್ವಲ್ಪ ಜೋಲಬೇಕು. ಎಲ್ಲಾ ತೆಗೀರಿ."

"ಎಲ್ಲಾನೂ?"

"ಎಲ್ಲಾನೂ."

ಒಂದು ವಾರದ ಕೆಲಸವನ್ನು ಅವರೆದುರೇ ಕತ್ತರಿಸಿದೆ. ಮೂಗಿನ ತುದಿಗೆ ಬಂದ ಕೋಪವನ್ನು ಅಲ್ಲೇ ಹಿಡಿದುಕೊಂಡಿದ್ದೆ. ಅವರು ಎದುರಿಗೆ ಕೂತು ದಾರಕ್ಕೆ ಜೇನುಮೇಣ ಸವರುತ್ತ, "ಗಂಟು ಹಾಕೋದು ದಾರಕ್ಕೆ ಮೇಡಂ, ಮುಖಕ್ಕಲ್ಲ," ಎಂದರು. ನನಗೆ ನಗು ತಡೆಯಲಾಗಲಿಲ್ಲ. ಆಗ ಅವರೂ ನಕ್ಕರು. ಮೊದಲು ಕಣ್ಣು ನಕ್ಕಿತು, ಆಮೇಲೆ ಕೆನ್ನೆ, ಕೊನೆಗೆ ಯಾವಾಗಲೋ ತುಟಿ. ನನ್ನ ಕತ್ತರಿ ತಪ್ಪಿ ಕಟ್ಟಬೇಕಿದ್ದ ಒಳ್ಳೆಯ ದಾರವನ್ನೇ ಕಡಿದುಹಾಕಿತು. ಅವರು ನೋಡಿದರು, ಬೈಯಲಿಲ್ಲ.

*

ಹೀಗೆ ದಿನ ಕಳೆದವು. ಎಡಬದಿಯಲ್ಲಿ ಸ್ವಲ್ಪ ಕಟ್ಟಿದರೆ ಬಲಬದಿಯಲ್ಲೂ ಅಷ್ಟೇ ಕಟ್ಟಬೇಕು, ಇಲ್ಲದಿದ್ದರೆ ಕಂಬ ವಾಲುತ್ತದೆ. ನಾನೊಂದು ಬದಿ ಕೂತಾಗ ಅವರು ಇನ್ನೊಂದು ಬದಿಯಲ್ಲಿ ಭೂತಗನ್ನಡಿ ಹಿಡಿದು ಕೂರುತ್ತಿದ್ದರು. ನಡುವೆ ಹಗ್ಗಗಳ ಜಾಲ. ಆ ಸಣ್ಣ ಸಣ್ಣ ಚೌಕಗಳಾಚೆ ಒಮ್ಮೆ ಅವರ ಹುಬ್ಬು ಕಾಣುತ್ತಿತ್ತು, ಒಮ್ಮೆ ಗಲ್ಲ. ಭೂತಗನ್ನಡಿ ಸರಿದಾಗ ಒಂದು ಕಣ್ಣು ಇದ್ದಕ್ಕಿದ್ದಂತೆ ದೊಡ್ಡದಾಗಿ ನನ್ನನ್ನೇ ನೋಡುತ್ತಿರುವುದು ಸಿಕ್ಕಿಬೀಳುತ್ತಿತ್ತು.

"ಗಂಟು ನೋಡ್ತಿದ್ದೆ," ಎನ್ನುತ್ತಿದ್ದರು.

"ಗಂಟು ಕೆಳಗಿದೆ."

"ಹೌದಾ? ಗಮನಿಸಲಿಲ್ಲ."

ಅವರು ಒಬ್ಬಂಟಿ. ಬಹಳ ಹಿಂದೆ ಮದುವೆಯ ಮಾತು ಬಂದು ನಿಂತುಹೋಗಿತ್ತಂತೆ. ಆಮೇಲೆ ಮರ, ದಾರ, ಹಿತ್ತಾಳೆ, ಅಷ್ಟೇ. ನನ್ನ ಬಗ್ಗೆ ನಾನೇ ಹೇಳಿದೆ. ಗಂಡ ತೀರಿಕೊಂಡು ವರ್ಷಗಳಾಗಿವೆ, ಅತ್ತೆಯೂ ನಾನೂ ಒಟ್ಟಿಗಿದ್ದೇವೆ. ಗಂಡನಿಗೆ ಔಷಧಿಯಿಂದ ಕೂದಲೆಲ್ಲ ಉದುರಿದಾಗ ನಾನೇ ವಿಗ್ ಕಟ್ಟಿದ್ದೆ. ಹುಬ್ಬಿಗೂ ಕಟ್ಟಿದ್ದೆ. ಕೊನೆಯವರೆಗೆ ಪಕ್ಕದ ಮನೆಯವರಿಗೂ ಕಾಯಿಲೆ ಗೊತ್ತಾಗಲಿಲ್ಲ.

"ಅಷ್ಟು ಚೆನ್ನಾಗಿ ಕಟ್ಟಿದ್ರಾ," ಎಂದು ಅವರು ಮೆಲ್ಲಗೆ ಕೇಳಿದರು.

"ನನ್ನ ಕೈಯ ಅತಿ ಒಳ್ಳೇ ಕೆಲಸ ಅದು," ಎಂದೆ.

ಅವರು ದಾರದ ಉಂಡೆಯನ್ನು ನನ್ನತ್ತ ಸರಿಸಿದರು.

ಅವರ ಬಲಗೈಯ ವಿಷಯ ನನಗೆ ಬೇಗನೆ ತಿಳಿಯಿತು. ಮೇಜಿನ ಮೇಲೆ ಸುಮ್ಮನೆ ಇಟ್ಟಾಗ ಹೆಬ್ಬೆರಳು, ತೋರುಬೆರಳು ತಮ್ಮಷ್ಟಕ್ಕೆ ತಾವೇ ಏನನ್ನೋ ಹೊಸೆಯುತ್ತಿರುವಂತೆ ನಡುಗುತ್ತಿದ್ದವು. ಅವರು ತಕ್ಷಣ ಅದನ್ನು ಏಪ್ರನ್ನಿನ ಜೇಬಿಗೆ ತುರುಕುತ್ತಿದ್ದರು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಇನ್ನೊಬ್ಬ ಕಾಯಿಲೆಯ ಮನುಷ್ಯನಿಗೆ ಮನಸ್ಸು ಕೊಡಲಾರೆ ಎಂದು ಎಂದೋ ನಿರ್ಧರಿಸಿಕೊಂಡಿದ್ದೆ. ಮನಸ್ಸು ಆ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಸಂಜೆಯಾದರೆ ಅಂಗಡಿಯಲ್ಲಿ ಕೂರಲಾಗುತ್ತಿರಲಿಲ್ಲ, ಮ್ಯೂಸಿಯಮ್ಮಿನ ಮೆಟ್ಟಿಲನ್ನು ಓಡಿಕೊಂಡೇ ಹತ್ತುತ್ತಿದ್ದೆ.

ಮೂರು ಕಂಬಗಳಲ್ಲಿ ಮುಂದಿನದನ್ನು ನಾನು ಬರುವ ಮೊದಲೇ ಅವರೊಬ್ಬರೇ ಕಟ್ಟಿ ಮುಗಿಸಿದ್ದರು. ಒಂದು ದಿನ ಅದನ್ನು ಹತ್ತಿರದಿಂದ ನೋಡಿದೆ. ಕೆಳಗಿನ ಸಾಲುಗಳು ಗೆರೆ ಎಳೆದಂತಿದ್ದವು. ಅಷ್ಟು ಅಚ್ಚುಕಟ್ಟು ನನ್ನ ಕೈಗೂ ಬಾರದು. ಮೇಲಕ್ಕೆ ಹೋದಂತೆ ಒಂದು ಗಂಟು ಗೆರೆ ಬಿಟ್ಟು ಜಾರಿತ್ತು, ಆಮೇಲೆ ಇನ್ನೊಂದು. ತುದಿಯ ಹತ್ತಿರದ ಸಾಲುಗಳು ಅಂಕುಡೊಂಕು. ಒಂದೊಂದು ಗಂಟಿಗೂ ಎಷ್ಟು ಸಲ ಪ್ರಯತ್ನಿಸಿದ್ದಾರೆ ಎಂಬುದು ಸವೆದ ದಾರದಲ್ಲೇ ಕಾಣುತ್ತಿತ್ತು. ಕಾಯಿಲೆ ಹೆಜ್ಜೆ ಹೆಜ್ಜೆಯಾಗಿ ಆ ಏಣಿ ಹತ್ತಿ ಹೋಗಿತ್ತು.

*

ಮ್ಯೂಸಿಯಮ್ಮಿನ ಗ್ಯಾಲರಿಯ ಮುಖ್ಯಸ್ಥೆ ಹಡಗನ್ನು ನೋಡಲು ಬರುವ ದಿನ ಹತ್ತಿರವಾಯಿತು. ಅಲ್ಲಿ ಎಲ್ಲರೂ ಅವರನ್ನು ದೊಡ್ಡ ಮೇಡಂ ಎನ್ನುತ್ತಾರೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿದರೆಂದರೆ ಯಾವ ಲೋಪವೂ ತಪ್ಪಿಸಿಕೊಳ್ಳದು.

ಅದರ ಹಿಂದಿನ ದಿನ ಅಂಗಡಿಗೆ ರಜೆ, ಬೆಳಿಗ್ಗೆಯೇ ಕಾರ್ಖಾನೆಗೆ ಹೋಗಿದ್ದೆ. ಹಡಗಿನವರು ಕೀಲಿ ಕೊಟ್ಟು, "ಡಾಕ್ಟರ ಹತ್ರ ಹೋಗಿ ಬರ್ತೀನಿ, ಸಂಜೆ ಆಗಬಹುದು," ಎಂದರು. ಮೊದಲ ಸಲ ಆ ಮಾತು ಅವರ ಬಾಯಿಂದ ಬಂದಿತ್ತು. ಬಾಗಿಲಲ್ಲಿ ಒಂದು ಗಳಿಗೆ ನಿಂತರು. "ಬಂದ ಮೇಲೆ ನಿಮ್ಮ ಹತ್ರ ಒಂದು ಮಾತು ಹೇಳೋದಿದೆ," ಎಂದು ಹೊರಟುಹೋದರು.

ನಾನು ಒಬ್ಬಳೇ ಉಳಿದೆ. ದೊಡ್ಡ ಮೇಡಂ ನಾಳೆ ಆ ಮುಂದಿನ ಕಂಬದ ಮುಂದೆ ನಿಂತು, ಕನ್ನಡಕ ಇಳಿಸಿ, ಹಡಗಿನವರ ಕೈಯ ಕಡೆ ನೋಡುವುದು ಕಣ್ಣಿಗೆ ಕಟ್ಟಿತು. ಅದನ್ನು ನೆನೆದರೇ ಸಹಿಸಲಾಗಲಿಲ್ಲ. ಗಂಟು ಬಿಚ್ಚದಂತೆ ಹಚ್ಚಿದ ಅಂಟು, ನೀರು ತಾಗಿದರೆ ಬಿಡುವಂಥದ್ದೇ. ಕುಂಚ ಒದ್ದೆ ಮಾಡಿ ಸವರಿದೆ. ಮೇಲಿನ ಸೊಟ್ಟ ಸಾಲುಗಳನ್ನೆಲ್ಲ ಕತ್ತರಿಸಿ ತೆಗೆದು, ಊಟವನ್ನೂ ಮರೆತು, ಹೊಸದಾಗಿ ಕಟ್ಟಿದೆ. ಅವರ ಕೈ ಸ್ವಸ್ಥವಾಗಿದ್ದಾಗ ಹೇಗೆ ಕಟ್ಟುತ್ತಿದ್ದರೋ ಹಾಗೆಯೇ, ಅವರದೇ ಅಂತರದಲ್ಲಿ, ಅವರದೇ ಜೋಲಿನಲ್ಲಿ. ಕಸ ಗುಡಿಸಿ ಹೊರಗೆ ಹಾಕಿದೆ. ಕಸದ ಗಾಡಿ ಬಂದು ಒಯ್ದಿತು. ಎಲ್ಲಿ ಅವರ ಗಂಟು ಮುಗಿದು ನನ್ನದು ಶುರುವಾಯಿತು ಎಂದು ನನಗೇ ತಿಳಿಯದಂತಿತ್ತು.

ಸಂಜೆ ಅವರು ಬಂದರು. ಕೈಯಲ್ಲಿ ಔಷಧಿಯ ಪೊಟ್ಟಣ. ಮುಖದಲ್ಲಿ ಏನನ್ನೋ ಹೇಳಿಯೇ ಬಿಡುವ ಗಟ್ಟಿತನ. "ಕೂತ್ಕೊಳ್ಳಿ," ಎಂದು ಸ್ಟೂಲು ಎಳೆದರು. ಹಾಗೆಯೇ ಅವರ ಕಣ್ಣು ಹಡಗಿನ ಕಡೆ ಹೊರಳಿತು.

ಅವರು ಸ್ಟೂಲು ಬಿಟ್ಟು ಮುಂದಿನ ಕಂಬದ ಬಳಿ ಹೋದರು. ಭೂತಗನ್ನಡಿಯನ್ನೂ ಎತ್ತಿಕೊಳ್ಳಲಿಲ್ಲ.

"ಇದನ್ನ ಕಟ್ಟಿದ್ದು ಯಾರು?"

ನಾನು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡೆ.

"ಹಳೇದು ಎಲ್ಲಿ?"

"ಕಸದ ಗಾಡಿ ಬಂದಿತ್ತು," ಎಂದೆ. "ನಾಳೆ ದೊಡ್ಡ ಮೇಡಂ ಬರ್ತಾರಲ್ಲ. ನಿಮಗೆ ತೊಂದರೆ ಆಗಬಾರದು ಅಂತ... ಯಾರಿಗೂ ಗೊತ್ತಾಗಲ್ಲ."

ಅವರು ಪಕ್ಕದ ಮೇಜಿಗೆ ಒರಗಿ ನಿಂತರು. ಬಲಗೈ ಜೇಬಿನಿಂದ ಹೊರಗಿತ್ತು, ನಡುಗುತ್ತಿತ್ತು. ಮುಚ್ಚಿಕೊಳ್ಳುವ ಗೋಜಿಗೆ ಹೋಗಲಿಲ್ಲ.

"ನನ್ನ ಕೈಯಾರೆ ಕಟ್ಟಿದ ಕೊನೇ ಸಾಲು ಅವು," ಎಂದರು. ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಿತ್ತು. "ಕೈ ಮಾತು ಕೇಳ್ತಿಲ್ಲ ಅಂತ ಗೊತ್ತಾದ ಮೇಲೂ ಒಂದೊಂದೇ ಕಟ್ಟಿದೀನಿ. ಸೊಟ್ಟ ಇದೆ ಅಂತ ನನಗೆ ಗೊತ್ತಿಲ್ವಾ? ಎಷ್ಟು ಸಲ ಕತ್ತರಿ ಹಿಡಿದು ಬಿಟ್ಟಿದೀನಿ ಗೊತ್ತಾ?"

"ನಿಮಗೋಸ್ಕರ ಮಾಡಿದೆ."

"ಇಲ್ಲ. ನಿಮಗೆ ನೋಡೋಕಾಗಲಿಲ್ಲ." ಅವರು ಔಷಧಿಯ ಪೊಟ್ಟಣವನ್ನು ಮೇಜಿನ ಮೇಲೆ ಇಟ್ಟರು. "ಡಾಕ್ಟರು ನೋಡಿಕೊಳ್ತಾರೆ, ನರ್ಸು ನೋಡಿಕೊಳ್ತಾರೆ. ನೀವಾದರೂ ನನ್ನನ್ನ ಗಂಡಸು ಅಂತ ನೋಡ್ತಿದೀರ ಅಂದುಕೊಂಡಿದ್ದೆ. ಅದೇ ಮಾತು ಹೇಳೋಣ ಅಂತ ದಾರಿಯುದ್ದಕ್ಕೂ ಜೋಡಿಸ್ಕೊಂಡು ಬಂದೆ."

"ಹೇಳಿ," ಎಂದೆ.

"ಇನ್ನು ಹೇಳೋಕಾಗಲ್ಲ. ನಿಮಗೆ ಇನ್ನೊಬ್ಬ ರೋಗಿ ಸಿಕ್ಕ, ಅಷ್ಟೇ. ಆ ಕೆಲಸ ನೀವು ಒಂದು ಸಲ ಮಾಡಿ ದಣಿದಿದೀರ. ನಾಳೆಯಿಂದ ಬರಬೇಡಿ."

ಕೀಲಿಯನ್ನು ಮೇಜಿನ ಮೇಲಿಟ್ಟು ಬಂದೆ. ಓಡಿ ಹತ್ತುತ್ತಿದ್ದ ಮೆಟ್ಟಿಲನ್ನು ಒಂದೊಂದಾಗಿ ಇಳಿದೆ.

*

ಅತ್ತೆ ಬೆಳಿಗ್ಗೆ ಹೊತ್ತು ಬಾಲ್ಕನಿಯಲ್ಲಿ ಕೂತು ಅಂಗಡಿಯ ಕೂದಲನ್ನು ಉದ್ದ ನೋಡಿ ಬೇರೆ ಬೇರೆ ಜಡೆ ಮಾಡಿಡುತ್ತಾರೆ. ಕಣ್ಣು ಮಂಜಾದರೂ ಬೆರಳಿಗೆ ಎಲ್ಲ ತಿಳಿಯುತ್ತದೆ. ಮರುದಿನ ನಾನು ಎದುರಿಗೆ ಕೂತು ಒಂದೇ ಎಳೆಯನ್ನು ಬಹಳ ಹೊತ್ತಿನಿಂದ ಬಾಚುತ್ತಿದ್ದೆ.

"ಅದರ ಪ್ರಾಣ ಹೋಗಿ ಎಷ್ಟೋ ಕಾಲ ಆಯ್ತು, ಬಿಡು," ಎಂದರು. "ಏನಾಯ್ತು? ಹಡಗು ಮುಳುಗ್ತಾ?"

"ನಾನೇ ಮುಳುಗಿಸಿದೆ ಅತ್ತೆ."

ಎಲ್ಲ ಹೇಳಿದೆ. ಅಳಬಾರದು ಎಂದುಕೊಂಡೇ ಅತ್ತುಬಿಟ್ಟೆ. ಅತ್ತೆ ಕೈಯ ಕೆಲಸ ನಿಲ್ಲಿಸಲಿಲ್ಲ.

"ನಿನಗೆ ಒಂದು ವಿಷಯ ಹೇಳ್ತೀನಿ, ನೊಂದ್ಕೋಬೇಡ," ಎಂದರು ಕೊನೆಗೆ. "ನನ್ನ ಮಗ ಕೊನೇ ಚಳಿಗಾಲದಲ್ಲಿ ಒಂದಿನ ಇಲ್ಲೇ ಕೂತಿದ್ದ. ಅಮ್ಮಾ, ಬರೀ ತಲೇಲಿ ಒಂದು ಸಲ ಈ ಬಿಸಿಲು ಕಾಯಿಸ್ಬೇಕು ಅನ್ಸತ್ತೆ ಅಂದ. ಕಾಯಿಸ್ಕೋ, ಯಾರು ಬೇಡ ಅಂದ್ರು ಅಂದೆ. ಇಲ್ಲಮ್ಮ, ಅವಳು ಅಷ್ಟು ಕಷ್ಟಪಟ್ಟು ಕಟ್ಟಿದಾಳೆ, ತೆಗೆದ್ರೆ ನೊಂದ್ಕೋತಾಳೆ ಅಂದ."

ಬಾಚಣಿಗೆ ಕೆಳಗಿಟ್ಟೆ. "ತೆಗೀಲಿಲ್ವಾ?"

"ತೆಗೀಲಿಲ್ಲ."

ಕೆಳಗೆ ರಸ್ತೆಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅವನು ಎದ್ದು ಬರ್ತಿದ್ನಾ? ಸುಮ್ನೆ ನಿನ್ನ ಹೊಟ್ಟೆ ಉರಿಸ್ದಂಗಾಗೋದು. ಈಗ ಉಪಯೋಗ ಇದೆ, ಹೇಳಿದೆ." ಅತ್ತೆ ಜಡೆಯೊಂದಕ್ಕೆ ದಾರ ಸುತ್ತಿದರು. "ನಿನ್ನ ಪ್ರೀತಿ ಮೇಲೆ ನನಗೆ ಅನುಮಾನ ಇಲ್ಲ ಕಣೇ. ನನ್ನ ಮಗನಿಗೂ ಇರಲಿಲ್ಲ. ಆದರೆ ನೀನು ಪ್ರೀತಿ ಮಾಡೋಕೆ ಶುರು ಮಾಡಿದ್ರೆ ಮನುಷ್ಯನನ್ನ ರಿಪೇರಿಗೆ ಬಂದ ಸಾಮಾನು ಮಾಡಿಬಿಡ್ತೀಯ."

"ಮತ್ತೆ ಏನು ಮಾಡ್ಲಿ?"

"ಅವನು ಬೇಕಾ ನಿನಗೆ?"

ಹೆತ್ತ ಮಗನನ್ನು ಕಳೆದುಕೊಂಡ ಹೆಂಗಸು ಸೊಸೆಗೆ ಕೇಳುವ ಪ್ರಶ್ನೆಯಾ ಇದು ಎನ್ನಿಸಿತು. ಆದರೆ ಅವರ ಮುಖದಲ್ಲಿ ಪರೀಕ್ಷೆ ಮಾಡುವ ಭಾವವಿರಲಿಲ್ಲ.

"ಬೇಕು," ಎಂದೆ.

"ಹಾಗಾದ್ರೆ ಹೋಗು. ಹೋಗಿ ಸುಮ್ನೆ ಕೂತ್ಕೋ. ಏನೂ ಮಾಡಬೇಡ. ನಿನಗದು ಸಾವಿನಷ್ಟು ಕಷ್ಟ, ನನಗೆ ಗೊತ್ತು."

*

ಕಾರ್ಖಾನೆಯ ಬಾಗಿಲು ಪೂರ್ತಿ ತೆರೆದಿತ್ತು. ದೊಡ್ಡ ಮೇಡಂ ಹೊರಗೆ ಬರುತ್ತಿದ್ದರು. ನನ್ನನ್ನು ಕಂಡು ನಿಂತರು.

"ಗಂಟು ಕಟ್ಟಿದೋರು ನೀವೇ ತಾನೇ? ಅವರು ಎಲ್ಲಾ ಹೇಳಿದ್ರು. ಕೈ ವಿಷಯ, ನಿಮ್ಮ ವಿಷಯ. ಹಡಗಿನ ಪಕ್ಕ ಫಲಕದಲ್ಲಿ ಇಬ್ಬರ ಹೆಸರೂ ಇರ್ಬೇಕಂತೆ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ದಿನ ಒಂದು ಮಾತು ಹೇಳಬಾರದಿತ್ತಾ ಆ ಪುಣ್ಯಾತ್ಮ. ನಾನೇನು ಹುಲಿಯಾ? ಸ್ವಲ್ಪ ದಿನ ಹೆಚ್ಚಿಗೆ ಕೊಟ್ಟಿದೀನಿ, ನಿಧಾನ ಮಾಡಲಿ."

ಒಳಗೆ ಹೋದೆ. ಹಡಗಿನವರು ಮುಂದಿನ ಕಂಬದ ಎದುರು ಕೂತಿದ್ದರು. ನಾನು ಕಟ್ಟಿದ್ದ ಮೇಲಿನ ಸಾಲುಗಳನ್ನೆಲ್ಲ ಕತ್ತರಿಸಿ ತೆಗೆದಿದ್ದರು. ದಪ್ಪ ಹಗ್ಗಗಳು ಬೆತ್ತಲೆಯಾಗಿ ಮೇಲಕ್ಕೆ ಹೋಗಿದ್ದವು. ಅವರ ಬಲಗೈಯಲ್ಲಿ ಚಿಮಟವಿತ್ತು, ಅದರ ತುದಿಯಲ್ಲಿ ದಾರ ನಡುಗುತ್ತಿತ್ತು.

"ಬರಬೇಡಿ ಅಂದಿದ್ದೆ," ಎಂದರು, ತಿರುಗದೆಯೇ.

"ಕೆಲಸಕ್ಕೆ ಬಂದಿಲ್ಲ."

"ಮತ್ತೆ?"

"ಕೂತ್ಕೊಳ್ಳೋಕೆ."

ಅವರು ಬೇಡವೆನ್ನಲಿಲ್ಲ. ಎದುರು ಬದಿಯ ನನ್ನ ಸ್ಟೂಲನ್ನು ಬಿಟ್ಟು ಅವರ ಪಕ್ಕದಲ್ಲೇ ಕೂತೆ. ಎರಡು ಅಂಗೈಗಳನ್ನೂ ತೊಡೆಯ ಅಡಿಯಲ್ಲಿ ಇಟ್ಟುಕೊಂಡೆ.

ಅವರು ಕಟ್ಟತೊಡಗಿದರು. ದಾರ ಹಗ್ಗವನ್ನು ಸುತ್ತಬೇಕು, ಚಿಮಟ ತಪ್ಪಿತು. ಮತ್ತೆ ಸುತ್ತಿದರು, ದಾರ ಜಾರಿ ಫಿರಂಗಿಯ ಮೇಲೆ ಬಿತ್ತು. ಎತ್ತಿಕೊಂಡರು. ಒಂದು ಸುತ್ತು ಬಿತ್ತು, ದಾಟಿಸುವಾಗ ಕೈ ಜೋರಾಗಿ ಅದುರಿ ಎಲ್ಲ ಬಿಚ್ಚಿಕೊಂಡಿತು. ನನ್ನ ಬೆರಳುಗಳು ತೊಡೆಯಡಿಯಲ್ಲಿ ಆ ಗಂಟನ್ನು ಎಷ್ಟು ಸಲ ಕಟ್ಟಿದವೋ ಲೆಕ್ಕವಿಲ್ಲ. ಹಲ್ಲು ಕಚ್ಚಿಕೊಂಡು ನೋಡಿದೆ. ಕೈಯನ್ನು ನೋಡುವುದು ಬಿಟ್ಟು ಸ್ವಲ್ಪ ಹೊತ್ತಿಗೆ ಅವರನ್ನು ನೋಡಿದೆ. ಹುಬ್ಬಿನ ಮೇಲಿನ ಬೆವರು, ಉಸಿರು ಹಿಡಿದಾಗ ಉಬ್ಬುವ ಕತ್ತಿನ ನರ, ಗಂಟೊಂದು ನಿಂತಾಗ ಸಡಿಲವಾಗುವ ತುಟಿ. ಇಷ್ಟು ದಿನ ಹಗ್ಗದ ಚೌಕಗಳ ನಡುವೆ ತುಂಡು ತುಂಡಾಗಿ ಕಂಡಿದ್ದ ಮುಖ. ಈ ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿ ಎಂದು ಆಗ ತಿಳಿಯಿತು. ಅದರಲ್ಲಿ ಕನಿಕರವನ್ನು ಹುಡುಕಿದೆ, ಸಿಗಲಿಲ್ಲ.

"ಕತ್ತರಿ," ಎಂದರು ಒಮ್ಮೆ. ಕೊಟ್ಟು, ಕೈಯನ್ನು ಮತ್ತೆ ಅಡಿಗಿಟ್ಟುಕೊಂಡೆ. ಅವರು ಅದನ್ನು ಓರೆಗಣ್ಣಿನಲ್ಲಿ ನೋಡಿದರು.

"ಕೈ ಮರಗಟ್ಟಲ್ವಾ?"

"ಆಗಲೇ ಮರಗಟ್ಟಿದೆ."

ಕಿಟಕಿಯ ಬಿಸಿಲು ಹಡಗನ್ನು ದಾಟಿ ಎದುರು ಗೋಡೆಗೆ ಹೋಗಿತ್ತು. ಆಗ ಒಂದು ಸಾಲು ಮುಗಿಯಿತು. ಒಂದೇ ಸಾಲು. ಅವರು ಚಿಮಟ ಇಟ್ಟು, ಹಿಂದಕ್ಕೆ ಒರಗಿ, ನೀಳವಾಗಿ ಉಸಿರು ಬಿಟ್ಟರು.

"ಹೇಗಿದೆ?"

"ಸೊಟ್ಟಗಿದೆ," ಎಂದೆ.

"ಎಷ್ಟು?"

"ಬಾಗಿಲಲ್ಲಿ ನಿಂತೋರಿಗೂ ಕಾಣೋಷ್ಟು."

ಅವರು ತಲೆಯಾಡಿಸಿದರು. ಆ ಮಾತಿನಿಂದ ಅವರ ಭುಜ ಇಳಿದು ಹಗುರವಾದುದು ನನಗೆ ಕಾಣಿಸಿತು. "ಇದೊಂದು ಸಾಲು ನನ್ನದು ಇರಲಿ. ಮೇಲಿನದ್ದೆಲ್ಲ ನೀವು ಕಟ್ಟಿ. ನಿಮ್ಮ ಥರಾನೇ ಕಟ್ಟಿ, ನನ್ನ ಥರ ಬೇಡ."

"ಆಗಲಿ. ನಿನ್ನೆ ಮಾಡಿದ್ದನ್ನ ಹೊಟ್ಟೆಗೆ ಹಾಕ್ಕೊಳ್ಳಿ."

"ಹಾಕ್ಕೊಂಡಾಯ್ತು."

ಅಂಟು ಒಣಗುವ ವಾಸನೆ ಬರುತ್ತಿತ್ತು.

"ನಿನ್ನೆ ಹೇಳೋಕೆ ಬಂದ ಮಾತು," ಎಂದೆ. "ಈಗ ಹೇಳಿ."

"ಮೊದಲು ಬೇರೇದು ಕೇಳಿ." ಅವರು ಬಲಗೈಯನ್ನು ಮೇಜಿನ ಮೇಲೆ, ನಮ್ಮಿಬ್ಬರ ನಡುವೆ ಇಟ್ಟರು. ಅದು ಅದರ ಪಾಡಿಗೆ ನಡುಗುತ್ತಿತ್ತು. "ಇದು ನಿಲ್ಲಲ್ಲ. ಇನ್ನೂ ಹೆಚ್ಚಾಗತ್ತೆ."

"ಗೊತ್ತು."

"ಆಮೇಲೆ ನಡಿಗೆ ನಿಧಾನ ಆಗತ್ತೆ."

"ಆಗಲಿ. ನಾನೂ ಮೆಟ್ಟಿಲು ಓಡಿ ಹತ್ತಿ ಸುಸ್ತಾಗಿದೀನಿ."

"ತಮಾಷೆ ಅಲ್ಲ."

"ನಾನೂ ತಮಾಷೆ ಮಾಡ್ತಿಲ್ಲ. ನನಗೆ ನೀವು ಬೇಕು. ರೋಗಿ ಬೇಕಾಗಿದ್ರೆ ಊರಲ್ಲಿ ಆಸ್ಪತ್ರೆ ಇದೆ."

"ನನಗೂ ನೀವು ಬೇಕು," ಎಂದರು. "ಅಂಗಡಿಯಲ್ಲಿ ಕೈ ಬೇಕು ಅಂದ ದಿನದಿಂದ. ಆದರೆ ಡಾಕ್ಟರು ಇನ್ನೊಂದು ಹೇಳಿದಾರೆ. ಅದನ್ನ ಹೇಳದೆ ನಿಮ್ಮನ್ನ ಕೇಳೋದು ನ್ಯಾಯ ಅಲ್ಲ."

"ಹೇಳಿ."

"ಮುಖದ ಸ್ನಾಯು ಬಿಗಿಯಾಗ್ತಾ ಬರಬಹುದಂತೆ. ಒಳಗೆ ಎಷ್ಟೇ ಸಂತೋಷ ಇದ್ರೂ ಹೊರಗೆ ಕಾಣದ ಹಾಗೆ. ನಗು ಬರೋದೇ ಕಷ್ಟ ಆಗಬಹುದಂತೆ." ಅವರು ನನ್ನತ್ತ ನೋಡಲಿಲ್ಲ, ಮೇಜನ್ನು ನೋಡಿದರು. "ನಿಮ್ಮ ಎದುರಿಗೆ ಕೂತಿರ್ತೀನಿ, ನನಗೆ ಖುಷಿಯಾಗಿದೆ ಅಂತ ನಿಮಗೆ ಗೊತ್ತೇ ಆಗಲ್ಲ."

ಮರಗಟ್ಟಿದ ಕೈಗಳನ್ನು ಹೊರಗೆಳೆದೆ. ಅವರ ನಡುಗುವ ಕೈಯ ಮೇಲೆ ಒಂದನ್ನಿಟ್ಟೆ. ಅದುಮಿ ಹಿಡಿಯಲಿಲ್ಲ. ಅದು ನಡುಗುತ್ತಲೇ ಇತ್ತು, ನನ್ನದೂ ಅದರ ಜೊತೆ ನಡುಗಿತು.

"ಹಾಗಿದ್ರೆ ಈಗ ನಗಿ," ಎಂದೆ.

ಅವರು ತಲೆ ಎತ್ತಿದರು.

ಮೊದಲು ಕಣ್ಣು ನಕ್ಕಿತು. ಆಮೇಲೆ ಕೆನ್ನೆ. ತುಟಿಗೆ ಬರಲು ತಡವಾಯಿತು, ನಾನು ಕಾದೆ. ಬಂತು. ಬೇರೆ ಎತ್ತಲೂ ದೃಷ್ಟಿ ಹೊರಳಿಸದೆ, ನಾಚದೆ, ಅದು ಮುಗಿಯುವವರೆಗೂ ಕಣ್ತುಂಬ ನೋಡಿದೆ.